ಪೈಪಿಗಿಂತ ರಾಡ್ ದಪ್ಪ

ಐಟಿಐನ ವೆಲ್ಡರ್ ಟ್ರೇಡ್‌ಗೆ ಸೇರಿದ ಹುಡುಗನ ಮುಂದೆ ಮೊದಲಿಗೆ ಇಡುವುದು 10 ಮಿ.ಮೀ. ದಪ್ಪದ ಕಬ್ಬಿಣದ ಪ್ಲೇಟು. ಅದರ ಮೇಲೆ ನೇರ ಗೆರೆ ಎಳೆದು ಎಳೆದು ಕೈ ಪಳಗುತ್ತದೆ. ಅದೇ ವಯಸ್ಸಿನ ಇನ್ನೊಬ್ಬ ಊರಿನ ಗ್ರಿಲ್ ಅಂಗಡಿಗೆ ಕೆಲಸ ಕಲಿಯಲು ಹೋಗುತ್ತಾನೆ. ಕಸ ಗುಡಿಸಿ, ಪೈಪ್ ಕತ್ತರಿಸಿ, ರೆಡ್ ಆಕ್ಸೈಡ್ ಬಳಿದು ತಿಂಗಳುಗಳು ಕಳೆದ ಮೇಲೆ ಒಂದು ದಿನ ಮೇಸ್ತ್ರಿ ರಾಡ್ ಸಿಕ್ಕಿಸುವ ಹೋಲ್ಡರನ್ನು ಅವನ ಕೈಗೆ ಕೊಡುತ್ತಾರೆ. ಎದುರಿಗೆ ಇರುವುದು 18 ಗೇಜಿನ ಚೌಕ ಪೈಪ್. ಅದರ ಗೋಡೆಯ ದಪ್ಪ 1.2 ಮಿ.ಮೀ. ಅಷ್ಟೇ. ಕೊನೆಗೆ ಬರಬೇಕಾದ ಪಾಠ ಅವನಿಗೆ ಮೊದಲೇ ಬಂದಿರುತ್ತದೆ.

ಈಚೆಗೆ ಇದೇ ಪಾಠಕ್ಕೆ ಮನೆಯಲ್ಲೇ ಕೂರುವವರು ಹೆಚ್ಚಿದ್ದಾರೆ. ಒಂದು ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಇನ್ವರ್ಟರ್ ವೆಲ್ಡಿಂಗ್ ಮಷೀನ್ ಬಂದಿರುವುದರಿಂದ ತೋಟದ ಗೇಟು, ಕೊಟ್ಟಿಗೆಯ ಶೆಡ್ಡು, ತಾರಸಿಯ ಸೋಲಾರ್ ಸ್ಟ್ಯಾಂಡ್ ಇವನ್ನೆಲ್ಲ ತಾವೇ ಮಾಡಿಕೊಳ್ಳೋಣ ಎಂದು ರೈತರೂ ಹವ್ಯಾಸಿಗಳೂ ಹೊರಟಿದ್ದಾರೆ. ಅವರು ತರುವುದೂ ಅದೇ ತೆಳು ಪೈಪ್, ಅವರಿಗೂ ಆಗುವುದು ಅದೇ ಅನುಭವ: ರಾಡ್ ಮುಟ್ಟಿಸಿದರೆ ಅಂಟಿಕೊಳ್ಳುತ್ತದೆ, ಎತ್ತಿದರೆ ತೂತು ಬೀಳುತ್ತದೆ. ತಮಗೆ ಈ ಕೈ ಒಲಿಯುವುದಿಲ್ಲ ಎಂದು ಅನೇಕರು ಮಷೀನನ್ನು ಮೂಲೆಗೆ ಸೇರಿಸುತ್ತಾರೆ. ತಪ್ಪು ಕೈಯದ್ದಲ್ಲ ಎಂದು ಅವರಿಗೆ ಯಾರಾದರೂ ಹೇಳಬೇಕು.

ಲೆಕ್ಕ ನೋಡಿ. ಅಂಗಡಿಯಲ್ಲಿ 12 ಗೇಜ್ ಎಂದು ಕೊಡುವ ರಾಡ್‌ನ ಒಳತಂತಿ 2.5 ಮಿ.ಮೀ., 10 ಗೇಜಿನದು 3.15 ಮಿ.ಮೀ. ಬೆಸೆಯಬೇಕಾದ ಪೈಪಿನ ಗೋಡೆಗಿಂತ ಬೆಸೆಯುವ ರಾಡ್ ಎರಡು ಪಟ್ಟು, ಎರಡೂವರೆ ಪಟ್ಟು ದಪ್ಪ. ಅಷ್ಟು ದಪ್ಪದ ತಂತಿ ಕರಗಿ ಇಳಿಯುವಷ್ಟು ಕರೆಂಟ್ ಕೊಟ್ಟರೆ ಗೋಡೆ ಉಳಿಯುವುದು ಕಷ್ಟ. ಗೋಡೆ ಉಳಿಯುವಷ್ಟೇ ಕೊಟ್ಟರೆ ರಾಡ್ ಉರಿಯುವುದಿಲ್ಲ. ಉಕ್ಕು ಕರಗುವುದು ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ. ರಾಡ್ ತುದಿಗೂ ಪೈಪಿಗೂ ನಡುವೆ ಹೊತ್ತುವ ಆರ್ಕ್‌ನ ಶಾಖ ಅದರ ಮೂರು ಪಟ್ಟನ್ನೂ ಮೀರುತ್ತದೆ. ದಪ್ಪ ಪ್ಲೇಟಿನಲ್ಲಿ ಆ ಶಾಖ ಸುತ್ತಲಿನ ಕಬ್ಬಿಣಕ್ಕೆ ಹರಿದು ಹಂಚಿಹೋಗುತ್ತದೆ. ತೆಳು ಗೋಡೆಯಲ್ಲಿ ಅದು ಬಿದ್ದಲ್ಲೇ ನಿಲ್ಲುತ್ತದೆ. ತಗಡಿನಂಥ ಕಾವಲಿಯಲ್ಲಿ ದೋಸೆ ಕ್ಷಣಕ್ಕೆ ಸೀಯುವುದೂ ದಪ್ಪ ಕಾವಲಿಯಲ್ಲಿ ಹದವಾಗಿ ಬೇಯುವುದೂ ಇದೇ ಕಾರಣಕ್ಕೆ.

ಬೇರೆ ದಾರಿ ಇದ್ದವರು ತೆಳು ಪೈಪಿಗೆ ರಾಡ್ ವೆಲ್ಡಿಂಗ್ ಹಿಡಿದದ್ದು ಕಡಿಮೆ. ಹಳೆಯ ಸೈಕಲ್ ಫ್ರೇಮುಗಳಿಗೆ ಹಾಕುತ್ತಿದ್ದದ್ದು ಹಿತ್ತಾಳೆ ಬೆಸುಗೆ. ಹಿತ್ತಾಳೆ 900 ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ಪೈಪ್ ಕರಗುವ ಮಾತೇ ಇಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಫೋಕ್ಕರ್ ವಿಮಾನಗಳ ಉಕ್ಕಿನ ಪೈಪಿನ ಒಡಲನ್ನು ಬೆಸೆದದ್ದು ಗ್ಯಾಸ್ ಜ್ವಾಲೆಯಲ್ಲಿ. ಈಗಿನ ಕಾರ್ಖಾನೆಗಳಲ್ಲಿ ಗ್ಯಾಸ್ ಬಳಸುವ ಟಿಗ್ ಮತ್ತು ಮಿಗ್ ವೆಲ್ಡಿಂಗ್ ಇವೆ. ಆದರೆ ಗ್ಯಾಸ್ ಸಿಲಿಂಡರ್ ಹೊರದೆ, ಗಾಳಿ ಬೀಸುವ ತಾರಸಿಯ ಮೇಲೂ, ಊರಾಚೆಯ ಹೊಲದಲ್ಲೂ, ಒಂದು ಪೊಟ್ಟಣ ರಾಡ್ ಇದ್ದರೆ ನಡೆಯುವ ಕೆಲಸ ರಾಡ್ ವೆಲ್ಡಿಂಗ್ ಒಂದೇ. ಸ್ವೀಡನ್‌ನ ಆಸ್ಕರ್ ಶೆಲ್‌ಬರಿ ರಾಡ್‌ಗೆ ಲೇಪ ಹಚ್ಚುವ ಉಪಾಯ ಕಂಡುಕೊಂಡು 1904ರಲ್ಲಿ ಇಸಾಬ್ ಕಂಪನಿ ಕಟ್ಟಿದರು. ಆ ಲೇಪವೇ ಉರಿದು ಹೊಗೆಯಾಗಿ ಕರಗಿದ ಲೋಹವನ್ನು ಗಾಳಿಯಿಂದ ಕಾಯುತ್ತದೆ, ಸ್ಲ್ಯಾಗ್ ಆಗಿ ಮೇಲೆ ಹೆಪ್ಪುಗಟ್ಟಿ ತಣಿಯುವವರೆಗೂ ಮುಚ್ಚಿಡುತ್ತದೆ. ನಮ್ಮ ಬೀದಿಬೀದಿಯ ಗ್ರಿಲ್ ಅಂಗಡಿಗಳು ಇವತ್ತಿಗೂ ನಡೆಯುತ್ತಿರುವುದು ಅದರ ಬಲದಿಂದ.

ಹಾಗಾದರೆ ಹೊಸಬರು ಏನು ಮಾಡಬೇಕು? ಮೊದಲು ರಾಡ್ ಬದಲಿಸಬೇಕು. ಪೊಟ್ಟಣದ ಮೇಲೆ ಇ6013 ಎಂದು ಬರೆದಿರುವ ರಾಡೇ ಈ ಕೆಲಸಕ್ಕೆ ಸರಿ. ಅದರ ಆರ್ಕ್ ಮೆದು, ಪೈಪಿನ ಆಳಕ್ಕೆ ಹೆಚ್ಚು ಇಳಿಯುವುದಿಲ್ಲ. ಆದರೆ ಅಳತೆ ನೋಡಿ ಕೊಳ್ಳಿ. 1.6 ಮಿ.ಮೀ. ಗೋಡೆಗೆ 2.5ರ ರಾಡ್ ಸಾಕು, ಕರೆಂಟ್ 55ರಿಂದ 70 ಆಂಪಿಯರ್ ಆಸುಪಾಸು. 1.2ರ ಗೋಡೆಗೆ 2 ಮಿ.ಮೀ. ರಾಡ್ ಹುಡುಕಿ ತನ್ನಿ, 40ರಿಂದ 50 ಆಂಪಿಯರ್ ಸಾಕು. ಸಣ್ಣ ಅಂಗಡಿಗಳಲ್ಲಿ ಅದು ಇಲ್ಲದಿದ್ದರೆ ತರಿಸಿಕೊಡಿ ಎಂದು ಕೇಳಬೇಕು. ಇನ್ವರ್ಟರ್ ಮಷೀನಿನಲ್ಲಿ ಹೋಲ್ಡರ್ ಕೇಬಲ್ಲನ್ನು ಮೈನಸ್‌ಗೂ ಅರ್ಥ್ ಕ್ಲ್ಯಾಂಪನ್ನು ಪ್ಲಸ್‌ಗೂ ಹಾಕಿ. ಹೀಗೆ ಮಾಡಿದರೆ ಆರ್ಕ್ ಪೈಪಿನೊಳಕ್ಕೆ ಇಳಿಯುವುದು ಕಡಿಮೆ. ಇಷ್ಟು ಸಣ್ಣ ಬದಲಾವಣೆಯಿಂದ ಎಷ್ಟೋ ತೂತುಗಳು ತಪ್ಪುತ್ತವೆ. ಹೇಳಿಕೊಡುವವರು ಇಲ್ಲ, ಅಷ್ಟೇ.

ಮುಂದಿನದು ಮನಸ್ಸಿಗೆ ಉಲ್ಟಾ ಅನ್ನಿಸುವ ಪಾಠ. ತೂತು ಬಿತ್ತೆಂದು ಹೊಸಬ ಕರೆಂಟ್ ಇಳಿಸುತ್ತಾನೆ. ಕರೆಂಟ್ ಇಳಿದರೆ ರಾಡ್ ಅಂಟುತ್ತದೆ. ಅಂಟುತ್ತದೆಂಬ ಭಯಕ್ಕೆ ರಾಡ್ ತುದಿಯನ್ನು ಮೇಲೆ ಎತ್ತಿ ಹಿಡಿಯುತ್ತಾನೆ. ಆರ್ಕ್ ಉದ್ದವಾದಂತೆ ವೋಲ್ಟೇಜ್ ಏರುತ್ತದೆ, ಶಾಖ ಅಗಲವಾಗಿ ಹರಡುತ್ತದೆ, ಕಿಡಿ ಸಿಡಿಯುತ್ತದೆ, ಮತ್ತೆ ತೂತು. ಇದರಿಂದ ಹೊರಬರುವುದು ಹೇಗೆಂದರೆ, ಕರೆಂಟನ್ನು ತೀರಾ ಇಳಿಸದೆ, ರಾಡ್ ತುದಿಯನ್ನು ಪೈಪಿಗೆ ಸಮೀಪವೇ ಇಟ್ಟು, ಬೇಗ ಸಾಗುವುದು. ಆರ್ಕ್‌ನ ಉದ್ದ ರಾಡ್‌ನ ಒಳತಂತಿಯ ದಪ್ಪವನ್ನು ಮೀರಬಾರದು. ರಾಡ್ ಸಾಗುವ ದಿಕ್ಕಿಗೆ ಹೋಲ್ಡರನ್ನು ಸ್ವಲ್ಪ ಓರೆ ಮಾಡಿ ಎಳೆದುಕೊಂಡು ಹೋದರೆ ಸ್ಲ್ಯಾಗ್ ಹಿಂದೆ ಉಳಿಯುತ್ತದೆ. ನಿಧಾನಿಸಿದರೆ ಅದು ಮುಂದಕ್ಕೆ ಹರಿದು ಲೋಹದ ಕೆಳಗೆ ಸಿಕ್ಕಿಕೊಳ್ಳುತ್ತದೆ. ಮೇಲಿಂದ ಗಟ್ಟಿಯಾಗಿ ಕಾಣುವ ಜಾಯಿಂಟ್ ಒಳಗೆ ಟೊಳ್ಳಾಗುವುದು ಹೀಗೆ. ಗ್ಲಾಸಿನ ಮೂಲಕ ನೋಡುವಾಗ ಕರಗಿದ ಕಬ್ಬಿಣ ಯಾವುದು, ಅದರ ಮೇಲೆ ತೇಲುವ ಸ್ಲ್ಯಾಗ್ ಯಾವುದು ಎಂದು ಗುರುತಿಸಲು ಕಣ್ಣು ಕಲಿಯುವವರೆಗೆ ಉಳಿದದ್ದೆಲ್ಲ ಅರ್ಧ ವಿದ್ಯೆ.

ಎಲ್ಲಿ ಆರ್ಕ್ ಬೀಳಬೇಕು ಎಂಬುದೂ ಮುಖ್ಯ. ಒಂದು ಪೈಪಿನ ಮೈಗೆ ಇನ್ನೊಂದರ ಕತ್ತರಿಸಿದ ತುದಿ ತಾಗಿ ನಿಂತಿರುತ್ತದೆ ಎನ್ನಿ. ತುದಿಯ ಅಂಚಿನಲ್ಲಿ ಶಾಖಕ್ಕೆ ಓಡಿಹೋಗಲು ಜಾಗ ಕಡಿಮೆ, ಅದು ಮೊದಲು ಕರಗಿ ಹಿಂದೆ ಸರಿಯುತ್ತದೆ. ಆದ್ದರಿಂದ ಆರ್ಕನ್ನು ಮೊದಲ ಪೈಪಿನ ಮೈಮೇಲೆ ಹಿಡಿದು, ಕರಗಿದ ಲೋಹ ಅಂಚನ್ನು ಬಂದು ಮುಟ್ಟುವಂತೆ ಮಾಡಬೇಕು. ಎರಡರ ನಡುವೆ ಸಂದು ಇರಲೇಬಾರದು. ನನ್ನ ಮಟ್ಟಿಗೆ ತೆಳು ಪೈಪಿನ ವೆಲ್ಡಿಂಗ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ನಡೆಯುವುದು ಮಷೀನ್ ಆನ್ ಆಗುವ ಮೊದಲೇ: ಮೂಲೆಮಟ್ಟ ಇಟ್ಟು ಗುರುತು ಹಾಕುವುದು, ನೇರ ಕತ್ತರಿಸುವುದು, ಫೈಲ್ ಅಥವಾ ಗ್ರೈಂಡರ್ ಹಿಡಿದು ಅಂಚು ಕೂರಿಸುವುದು, ತುಕ್ಕು ಮತ್ತು ಎಣ್ಣೆ ಉಜ್ಜಿ ತೆಗೆಯುವುದು. ಇದಕ್ಕೆ ಅರ್ಧ ಗಂಟೆ ಕೊಡಲು ಬೇಸರಿಸಿದವರು ಆಮೇಲೆ ತೂತು ಮುಚ್ಚಲು ಅರ್ಧ ದಿನ ಕೊಡುತ್ತಾರೆ.

ಸಂದು ಉಳಿದಾಗ ಅನೇಕ ಅಂಗಡಿಗಳಲ್ಲಿ ಮಾಡುವ ಒಂದು ಕೆಲಸವಿದೆ. ರಾಡ್‌ನ ಲೇಪ ಕುಟ್ಟಿ ಉದುರಿಸಿ, ಬರಿಯ ತಂತಿಯನ್ನು ಸಂದಿನಲ್ಲಿಟ್ಟು ಅದರ ಮೇಲೆ ವೆಲ್ಡಿಂಗ್ ಎಳೆದುಬಿಡುತ್ತಾರೆ. ತಂತಿಯೂ ಎರಡು ಅಂಚೂ ಸಂಪೂರ್ಣ ಕರಗಿ ಒಂದಾದರೆ ಸರಿಯೇ. ಬಹುತೇಕ ಹಾಗಾಗುವುದಿಲ್ಲ, ಮೇಲೊಂದು ಪದರ, ಒಳಗೆ ಸಡಿಲ ತಂತಿ. ಅದರ ಮೇಲೆ ಗ್ರೈಂಡರ್ ಆಡಿಸಿ, ಪುಟ್ಟಿ ಹಚ್ಚಿ, ಪೇಂಟ್ ಬಳಿದರೆ ಮನೆಯವರಿಗೆ ಏನೂ ಕಾಣದು. ಮಕ್ಕಳು ಆತುಕೊಂಡು ನಿಲ್ಲುವ ಬಾಲ್ಕನಿಯ ರೇಲಿಂಗ್‌ನಲ್ಲಿ ಇಂಥ ಜಾಯಿಂಟ್ ಇರುವುದನ್ನು ನಾನು ಒಪ್ಪಲಾರೆ.

ಇಡೀ ಜಾಯಿಂಟನ್ನು ಒಂದೇ ಎಳೆತದಲ್ಲಿ ಮುಗಿಸುವ ಆಸೆಯನ್ನೂ ಬಿಡಬೇಕು. ನಾಲ್ಕು ಮೂಲೆಗೆ ಟ್ಯಾಕ್ (ಸಣ್ಣ ಚುಕ್ಕೆ ಬೆಸುಗೆ) ಹಾಕಿ, ಕರ್ಣದ ಎರಡೂ ಅಳತೆ ಸಮನಾಗಿದೆಯೇ ನೋಡಿ, ಆಮೇಲೆ ಒಂದು ಬದಿಯಲ್ಲಿ ಸ್ವಲ್ಪ, ಅದರ ಎದುರು ಬದಿಯಲ್ಲಿ ಸ್ವಲ್ಪ. ತಣಿಯುವ ಲೋಹ ಕುಗ್ಗುತ್ತದೆ, ಕುಗ್ಗುವಾಗ ಪೈಪನ್ನು ತನ್ನ ಕಡೆಗೆ ಎಳೆಯುತ್ತದೆ. ಒಂದೇ ಬದಿ ಪೂರ್ತಿ ಬೆಸೆದ ಗೇಟು ಬಾಗಿಲ ಚೌಕಟ್ಟಿಗೆ ಕೂರದೆ ಇರುವುದು ಇದರಿಂದಲೇ. ತೂತು ಬಿದ್ದೇ ಬಿಟ್ಟರೆ ಅದರ ನಡುವೆ ರಾಡ್ ತೂರಿಸಬೇಡಿ. ದಂಡೆಯ ಮೇಲೆ ಒಂದು ಚುಕ್ಕೆ ಇಟ್ಟು ನಿಲ್ಲಿಸಿ. ಕೆಂಪು ಇಳಿಯಲಿ, ಸ್ಲ್ಯಾಗ್ ಕೆರೆದು ತೆಗೆಯಿರಿ, ಎದುರು ದಂಡೆಯಲ್ಲಿ ಇನ್ನೊಂದು ಚುಕ್ಕೆ. ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿಯಲು ಜಾಗವಿದ್ದರೆ ಇನ್ನೂ ಒಳ್ಳೆಯದು. ತಾಮ್ರ ಶಾಖವನ್ನು ಎಳೆದುಕೊಳ್ಳುತ್ತದೆ, ಉಕ್ಕು ಅದಕ್ಕೆ ಸುಲಭಕ್ಕೆ ಅಂಟುವುದಿಲ್ಲ.

ಎರಡೂ ತುದಿ ಮುಚ್ಚಿದ ಪೈಪಿನಲ್ಲಿ ಇನ್ನೊಂದು ತೊಂದರೆ. ಒಳಗಿನ ಗಾಳಿ ಕಾದು ಹಿಗ್ಗಿ, ಕೊನೆಯ ಅಂಗುಲ ಮುಚ್ಚುವಾಗ ಕರಗಿದ ಲೋಹವನ್ನು ಹೊರಕ್ಕೆ ಊದುತ್ತದೆ. ಕಾಣದ ಜಾಗದಲ್ಲಿ ಸಣ್ಣ ತೂತು ಕೊರೆದಿಟ್ಟು, ಪೈಪ್ ತಣಿದ ಮೇಲೆ ಅದನ್ನು ಮುಚ್ಚಿಬಿಡಿ. ಮುಚ್ಚುವುದು ಮರೆತರೆ ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿ ಮತ್ತು ಮಳೆ ಒಳಗೆ ಸೇರಿ, 1.2 ಮಿ.ಮೀ. ಗೋಡೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗೆ ಪೇಂಟ್ ಚೆನ್ನಾಗಿಯೇ ಇರುತ್ತದೆ.

ಇನ್ನು ಕಣ್ಣಿನ ಮಾತು. ಕಪ್ಪು ಕನ್ನಡಕ ಹಾಕಿಕೊಂಡು ಅಥವಾ ಟ್ಯಾಕ್ ಹಾಕುವ ಕ್ಷಣಕ್ಕೆ ಮುಖ ತಿರುಗಿಸಿ ಕೆಲಸ ಮಾಡುವ ಹುಡುಗರನ್ನು ಎಲ್ಲ ಊರುಗಳಲ್ಲೂ ನೋಡುತ್ತೇವೆ. ಆರ್ಕ್‌ನ ನೇರಳಾತೀತ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ನೋವು ಆಗಲೇ ಬರುವುದಿಲ್ಲ, ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ, ಕಣ್ಣಲ್ಲಿ ಮರಳು ಸುರಿದಂತೆ ಬರುತ್ತದೆ. ಆಲೂಗಡ್ಡೆ ಹೋಳು, ಹಾಲಿನ ಹನಿ ಎಂದು ಕೂರದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಈ ಕೆಲಸಕ್ಕೆ 10ನೇ ನಂಬರಿನ ಗ್ಲಾಸ್ ಇರುವ ಹೆಲ್ಮೆಟ್ ಬೇಕು. ಕಿಡಿ ಹೊತ್ತಿದ ಕೂಡಲೇ ತಾನೇ ಕಪ್ಪಾಗುವ ಹೆಲ್ಮೆಟ್ ಕೊಂಡರೆ ಹೊಸಬರಿಗೆ ಇನ್ನೊಂದು ಲಾಭ: ರಾಡ್ ಎಲ್ಲಿ ಮುಟ್ಟಬೇಕೆಂದು ಕೊನೆಯ ಕ್ಷಣದವರೆಗೂ ಕಾಣುತ್ತದೆ, ಎರಡು ಕೈಯೂ ಬಿಡುವಾಗಿರುತ್ತವೆ.

ಸತು ಲೇಪಿಸಿದ ಜಿಐ ಪೈಪ್ ಆದರೆ ಹೊಗೆಯ ಬಗ್ಗೆಯೂ ಎಚ್ಚರ. ಅದರ ಸತು 907 ಡಿಗ್ರಿಯಲ್ಲೇ ಕುದಿದು ಬಿಳಿ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆ ಕಳೆದ ಮೇಲೆ ಚಳಿಜ್ವರ, ಮೈಕೈ ನೋವು. ಬೆಲ್ಲ ತಿಂದರೆ, ಹಾಲು ಕುಡಿದರೆ ಹೊಗೆ ಇಳಿಯುತ್ತದೆ ಎಂಬ ನಂಬಿಕೆ ಅಂಗಡಿಗಳಲ್ಲಿದೆ. ಶ್ವಾಸಕೋಶಕ್ಕೆ ಹೋದ ಹೊಗೆಯನ್ನು ಬೆಲ್ಲ ತೆಗೆಯುವುದಿಲ್ಲ. ಬೆಸೆಯುವ ಜಾಗದ ಸುತ್ತ ಲೇಪ ಉಜ್ಜಿ ತೆಗೆದು, ಬಯಲಲ್ಲಿ, ಹೊಗೆ ಮುಖಕ್ಕೆ ಬಾರದ ಕಡೆ ಕೂತು, ಸರಿಯಾದ ಮಾಸ್ಕ್ ಹಾಕಿ ಕೆಲಸ ಮಾಡಬೇಕು. ಎಲ್ಲ ಬಗೆಯ ವೆಲ್ಡಿಂಗ್ ಹೊಗೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2017ರಲ್ಲೇ ತೀರ್ಮಾನಿಸಿದೆ.

ಕೊನೆಯದಾಗಿ ಗೇಟು, ಗ್ರಿಲ್ ಮಾಡಿಸುವ ಮನೆಯವರಿಗೆ ಒಂದು ಮಾತು. 40×40 ಚೌಕ ಪೈಪಿನ ಆರು ಮೀಟರ್ ಉದ್ದ 1.2 ಮಿ.ಮೀ. ಗೋಡೆಯದಾದರೆ ಎಂಟೂವರೆ ಕೆ.ಜಿ. ಆಸುಪಾಸು ತೂಗುತ್ತದೆ, 2 ಮಿ.ಮೀ. ಆದರೆ ಹದಿನಾಲ್ಕು ಕೆ.ಜಿ. ಹತ್ತಿರ. ನಾವು ದರ ಇಳಿಸಿ ಇಳಿಸಿ ಎಂದು ಚೌಕಾಸಿ ಮಾಡಿದಷ್ಟೂ ಮೇಸ್ತ್ರಿ ತೆಳು ಪೈಪಿಗೆ ಇಳಿಯುತ್ತಾರೆ, ಕಲಿಯುವ ಹುಡುಗ ಅದರ ಮೇಲೆ ಒದ್ದಾಡುತ್ತಾನೆ, ದುರ್ಬಲ ಜಾಯಿಂಟ್ ನಮ್ಮ ಮನೆಗೇ ಬರುತ್ತದೆ. ದರ ಕೇಳುವ ಮೊದಲು ಗೋಡೆ ಎಷ್ಟು ದಪ್ಪ ಎಂದು ಕೇಳಿ. ರೇಲಿಂಗ್‌ಗೆ, ಮೆಟ್ಟಿಲಿಗೆ 2 ಮಿ.ಮೀ.ಗಿಂತ ಕಡಿಮೆ ಬೇಡ ಎನ್ನಿ, ಅದರ ಬೆಲೆ ಕೊಡಿ. ಪುಟ್ಟಿ ಹಚ್ಚುವ ಮೊದಲು ಒಮ್ಮೆ ಹೋಗಿ ಜಾಯಿಂಟ್‌ಗಳನ್ನು ಕಣ್ಣಾರೆ ನೋಡಿ. ನಿಮ್ಮ ಅಂಗಳದಲ್ಲಿ ಕೂತು ಬೆಸೆಯುವ ಹುಡುಗನ ಮುಖಕ್ಕೆ ಹೆಲ್ಮೆಟ್ ಇಲ್ಲದಿದ್ದರೆ, ಅದು ಬರುವವರೆಗೂ ಕೆಲಸ ನಿಲ್ಲಿಸಿ ಎಂದು ಮೇಸ್ತ್ರಿಗೆ ಹೇಳಿ.