ಮರ ಕಡಿದ ಮೇಲೆ ಉಳಿಯುವ ಕೆಲಸ

ಮಾಲೂರು ಸೀಮೆಯ ನಮ್ಮ ಎರಡೆಕರೆ ನೀಲಗಿರಿ ತೋಪು ತೆಗೆಸಿ ಮತ್ತೆ ರಾಗಿ ಬಿತ್ತೋಣವೆಂದು ಅಪ್ಪ ಹೊರಟಾಗ, ಮರ ಕಡಿಯುವವರು ಮೂರೇ ದಿನದಲ್ಲಿ ಲಾರಿ ತುಂಬಿಕೊಂಡು ಹೋದರು. ಬೊಡ್ಡೆಗಳು ಉಳಿದವು. ಮುಂಗಾರು ಬಿದ್ದ ತಿಂಗಳಿಗೇ ಒಂದೊಂದು ಬೊಡ್ಡೆಯಿಂದಲೂ ಹತ್ತಾರು ಚಿಗುರು ಎದ್ದು, ಕಡಿಸಿದ್ದೇ ಸುಳ್ಳೆನ್ನುವಂತೆ ನಿಂತವು. ಕೊನೆಗೆ ಜೆಸಿಬಿ ಕರೆಸಿದೆವು. ಬೊಡ್ಡೆಯೇನೋ ಬಂತು. ಜೊತೆಗೆ ಅಡಿಯ ಗರಸೆಲ್ಲ ಮೇಲೆ ಬಂತು, ಮೇಲ್ಮಣ್ಣು ಗುಂಡಿಯ ತಳ ಸೇರಿತು. ಆ ಜಾಗಗಳಲ್ಲಿ ಎರಡು ವರ್ಷ ರಾಗಿ ಮೊಳಕಾಲೆತ್ತರವೂ ಬರಲಿಲ್ಲ.

1983ರಲ್ಲಿ ತುಮಕೂರು ಕಡೆಯ ರೈತರು ನರ್ಸರಿಗೆ ಹೋಗಿ ನೀಲಗಿರಿ ಸಸಿ ಕಿತ್ತರು. 1987ರಲ್ಲಿ ಕುಸನೂರಿನಲ್ಲಿ ನೀಲಗಿರಿ ಕಿತ್ತು ಬೇರೆ ಸಸಿ ನೆಡುವ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಆಗ ಕೈಯಿಂದಲೇ ಕೀಳಬಹುದಿತ್ತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವಷ್ಟರಲ್ಲಿ ಬಯಲುಸೀಮೆಯ ಹೊಲಗಳಲ್ಲಿ ಬೊಡ್ಡೆಗಳು ಬೇರೂರಿಬಿಟ್ಟಿದ್ದವು.

ಮಣ್ಣು ತಿರುವಿ ಹಾಕದೆ ಬೊಡ್ಡೆ ತೆಗೆಯುವ ಯಂತ್ರವೊಂದಿದೆ, ಸ್ಟಂಪ್ ಗ್ರೈಂಡರ್. ಟಂಗ್‌ಸ್ಟನ್ ಕಾರ್ಬೈಡ್ ಹಲ್ಲುಗಳಿರುವ ಚಕ್ರ ಅದರ ಜೀವ. ಚಕ್ರ ವೇಗವಾಗಿ ತಿರುಗುತ್ತ, ಎಡಕ್ಕೂ ಬಲಕ್ಕೂ ಸರಿಯುತ್ತ, ಬೊಡ್ಡೆಯನ್ನು ಪದರ ಪದರವಾಗಿ ಕೆರೆದು ಚೂರು ಮಾಡುತ್ತದೆ. ಸಾಮಾನ್ಯವಾಗಿ ನೆಲದಿಂದ ಆರರಿಂದ ಹನ್ನೆರಡು ಇಂಚು ಕೆಳಗಿಳಿದರೆ ಸಾಕು. ನೀಲಗಿರಿಯ ಚಿಗುರು ಒಡೆಯುವುದು ಬೊಡ್ಡೆಯಿಂದಲೇ, ದೂರದ ಬೇರಿನಿಂದಲ್ಲ. ಹಾಗಾಗಿ ಬುಡ ಪುಡಿಯಾದರೆ ಮರ ಮುಗಿದಂತೆ. ಅಮೆರಿಕದಲ್ಲಿ ಇದು ಒಂದು ಪಿಕಪ್, ಒಂದು ಟ್ರೇಲರ್, ಒಬ್ಬನೇ ಆಳಿನಿಂದ ನಡೆಯುವ ಕಸುಬು.

ಅದನ್ನು ಇದ್ದಂತೆಯೇ ಇಲ್ಲಿಗೆ ತಂದರೆ ನಡೆಯುವುದಿಲ್ಲ. ಕಾರಣ ಸೌದೆ. ಮಾಲೂರಿನ ಸುತ್ತ ಇಟ್ಟಿಗೆ, ಹೆಂಚಿನ ಗೂಡುಗಳಿವೆ, ನೀಲಗಿರಿ ಬೊಡ್ಡೆಗೂ ಬೆಲೆ ಇದೆ. ಮಾರಿ ಕಾಸು ಮಾಡಬಹುದಾದ ಬೊಡ್ಡೆಯನ್ನು ದುಡ್ಡು ಕೊಟ್ಟು ಪುಡಿ ಮಾಡಿಸುವವರು ಯಾರು? ಬಯಲಿನ ತೋಪಿನಲ್ಲಿ ಜೆಸಿಬಿಯ ಜೊತೆ ಪೈಪೋಟಿಗೆ ಇಳಿಯುವ ಹುಡುಗರು ಸಾಲದಲ್ಲೇ ಉಳಿಯುತ್ತಾರೆ ಎಂಬುದು ನನ್ನ ಭಯ. ಜೆಸಿಬಿ ಕಾಲಿಡಲಾಗದ ಜಾಗಗಳನ್ನೇ ಹುಡುಕಬೇಕು: ಮನೆ ಗೋಡೆಗೂ ಕಾಂಪೌಂಡಿಗೂ ನಡುವಿನ ಸಂದು, ಏಪ್ರಿಲ್-ಮೇ ಮಳೆಗಾಳಿಗೆ ಗುಲ್‌ಮೊಹರ್ ಉರುಳಿ ಬುಡ ಮಾತ್ರ ತಿಂಗಳುಗಟ್ಟಲೆ ಉಳಿಯುವ ಬೆಂಗಳೂರಿನ ಫುಟ್‌ಪಾತು, ಫಲ ಬಿಡುವ ಮರಗಳ ಮಧ್ಯೆ ಒಂದು ಮರ ಸತ್ತ ತೆಂಗಿನ ತೋಟ.

ತೆಂಗಿನ ತೋಟದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಿಪಟೂರು, ಅರಸೀಕೆರೆ ಕಡೆ ಮುದಿ ಮರ, ರೋಗದ ಮರಗಳಿಗೆ ಬರವಿಲ್ಲ. ಕೊಳೆಯುವ ಕಾಂಡ ಮತ್ತು ಬೊಡ್ಡೆ ರೈನೋಸಿರಸ್ ದುಂಬಿ ಮರಿ ಮಾಡುವ ತಾಣ. ಅಲ್ಲಿ ಬೆಳೆದ ದುಂಬಿ ಪಕ್ಕದ ಮರದ ಸುಳಿ ಕೊರೆಯುತ್ತದೆ. ಅಣಬೆ ರೋಗದಿಂದ ಸತ್ತ ಮರವಾದರೆ ಗ್ಯಾನೋಡರ್ಮಾ ಶಿಲೀಂಧ್ರ ಬೊಡ್ಡೆಯಲ್ಲೂ ಬೇರಿನಲ್ಲೂ ಉಳಿದು ಮಣ್ಣಿನ ಮೂಲಕ ಹರಡುತ್ತದೆ. ಅಂಥ ಬೊಡ್ಡೆಯ ಚೂರನ್ನು ಮುಚ್ಚಿಗೆಗೆ ಬಳಸಬಾರದು, ಬೇರಿನ ಸಮೇತ ಆರಿಸಿ ಸುಡಬೇಕು. ಯಂತ್ರದ ಹಲ್ಲಿಗಂಟಿದ ಮಣ್ಣನ್ನು ಅಲ್ಲೇ ತೊಳೆಯದೆ ಮುಂದಿನ ತೋಟಕ್ಕೆ ಹೋದರೆ ರೋಗವನ್ನೇ ಮನೆ ಬಾಗಿಲಿಗೆ ಮುಟ್ಟಿಸಿದಂತೆ. ಇಷ್ಟು ತಿಳಿದವನನ್ನು ತೋಟದವರು ಒಮ್ಮೆ ಕರೆದು ಬಿಡುವುದಿಲ್ಲ, ನೆಂಟರಿಗೂ ಹೇಳುತ್ತಾರೆ.

ಮರದ ಗುಣ ಗೊತ್ತಿಲ್ಲದಿದ್ದರೆ ಯಂತ್ರವಿದ್ದೂ ಪ್ರಯೋಜನವಿಲ್ಲ. ತೆಂಗಿನ ನಾರು ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಹುಣಸೆ ಹಲ್ಲು ಸವೆಸುತ್ತದೆ. ಹೊಂಗೆ ಬುಡ ತೆಗೆದರೂ ಬೇರಿನಿಂದ ಚಿಗುರುತ್ತದೆ, ಅದನ್ನು ಮೊದಲೇ ಹೇಳದಿದ್ದರೆ ಜಗಳ ಖಚಿತ. ಕೋಲಾರದ ಕಲ್ಲು ನೆಲದಲ್ಲಿ ಗುದ್ದಲಿ, ಹಾರೆ ಹಿಡಿದು ಸುತ್ತಲಿನ ಕಲ್ಲು ತೆಗೆದ ಮೇಲೆಯೇ ಯಂತ್ರ ಇಳಿಸಬೇಕು. ಚಕ್ರಕ್ಕೆ ಸಿಕ್ಕ ಕಲ್ಲು ಹಲ್ಲು ಮುರಿಯುವುದಷ್ಟೇ ಅಲ್ಲ, ಗುಂಡಿನಂತೆ ಹಾರುತ್ತದೆ. ಕನ್ನಡಕ, ಬೂಟು ಇಲ್ಲದೆ, ಲುಂಗಿ ಕಟ್ಟಿಕೊಂಡು ಮಾಡುವ ಕೆಲಸವಲ್ಲ. ಶ್ರೀಗಂಧದ ಬೊಡ್ಡೆಯನ್ನಂತೂ ಮುಟ್ಟಲೇಬಾರದು. ಅದರ ಬೇರಿನಲ್ಲೇ ಎಣ್ಣೆ ಹೆಚ್ಚು, ಅದನ್ನು ಬುಡಸಮೇತ ಕೀಳುವುದು ಅದಕ್ಕೇ.

ದರ ಹೇಳುವಾಗ ಹೊಸಬರು ಸೋಲುವುದು ಲೆಕ್ಕದಲ್ಲಿ. ಅಡ್ಡಳತೆಯ ಇಂಚಿಗೆ ಇಷ್ಟು ಎಂಬುದು ಅಮೆರಿಕದ ರೂಢಿ. ಎರಡಡಿ ಅಡ್ಡಳತೆಯ ಬೊಡ್ಡೆಯನ್ನು ಒಂದಡಿ ಆಳಕ್ಕೆ ತೆಗೆದರೆ ಸುಮಾರು ಮೂರು ಘನ ಅಡಿ ಮರ, ನಾಲ್ಕಡಿಯದಾದರೆ ಹನ್ನೆರಡೂವರೆ. ಅಳತೆ ಎರಡರಷ್ಟು, ಕೆಲಸ ನಾಲ್ಕರಷ್ಟು. ದೊಡ್ಡ ಬೊಡ್ಡೆಗೆ ಇಂಚಿನ ದರವನ್ನೇ ಏರಿಸಬೇಕು, ಅಳತೆಯನ್ನು ನೆಲಮಟ್ಟದಲ್ಲಿ, ಬೇರಿನ ಉಬ್ಬು ಸೇರಿಸಿಯೇ ಹಿಡಿಯಬೇಕು. ಸಣ್ಣ ಬೊಡ್ಡೆಯಾದರೂ ಗಾಡಿ ಹೋಗಿ ಬರುವ ಖರ್ಚು ಹುಟ್ಟುವಂತೆ ಒಂದು ಕನಿಷ್ಠ ದರ ಇರಲಿ. ಚೂರು ಯಾರು ಸಾಗಿಸಬೇಕೆಂಬುದೂ ಮೊದಲೇ ತೀರ್ಮಾನವಾಗಲಿ, ಪುಡಿಯಾದ ಮರ ಗುಂಡಿ ತುಂಬಿ ಗುಡ್ಡೆಯಾಗಿ ಮಿಗುತ್ತದೆ.

ಪೇಟೆಯ ಕೆಲಸಕ್ಕೆ ಮೂರಡಿ ಗೇಟಿನೊಳಗೆ ನುಗ್ಗುವ 13–15 ಅಶ್ವಶಕ್ತಿಯ ಪೆಟ್ರೋಲ್ ಯಂತ್ರ ಸಾಕು. ತೋಟಕ್ಕೆ ಟ್ರ್ಯಾಕ್ಟರಿನ ಹಿಂದೆ ತಿರುಗುವ ಪಿಟಿಒ ದಂಡಕ್ಕೆ ಜೋಡಿಸುವಂಥದ್ದು ಮೇಲು. ಮುದ್ರಾ ಯೋಜನೆಯ ‘ಕಿಶೋರ್’ ವರ್ಗದಲ್ಲಿ 5 ಲಕ್ಷದವರೆಗೆ ಸಾಲಕ್ಕೆ ಅವಕಾಶವಿದೆ. ಪೇಟೆಯಲ್ಲಿ ಬೊಡ್ಡೆಯ ಬೇರುಗಳ ನಡುವೆಯೇ ನೀರಿನ ಪೈಪು, ಕರೆಂಟಿನ ಕೇಬಲ್ ಹಾದಿರುತ್ತವೆ. ಅಗೆಯುವವರು ಕೇಬಲ್, ಪೈಪಿನ ಮಾಲೀಕರಿಗೆ ಮುನ್ಸೂಚನೆ ಕೊಡಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಮರ ಕಡಿಯಲು ಅನುಮತಿ ಪಡೆದ ಕಾಗದವನ್ನೂ ಕೇಳಿ ನೋಡುವುದು ಒಳ್ಳೆಯದು.

ನಮ್ಮ ಬದುವಿನಲ್ಲಿ, ಬೋರ್‌ವೆಲ್ ಪೈಪಿನ ಮಗ್ಗುಲಲ್ಲಿ, ಜೆಸಿಬಿಯವರು ಮುಟ್ಟಲೊಪ್ಪದೆ ಬಿಟ್ಟ ಮೂರು ಬೊಡ್ಡೆಗಳು ಈಗಲೂ ಇವೆ. ಪ್ರತಿ ಮುಂಗಾರಿಗೂ ಅಪ್ಪ ಮಚ್ಚು ಹಿಡಿದು ಹೋಗಿ ಚಿಗುರು ಸವರಿ ಬರುತ್ತಾರೆ. ಈ ಯಂತ್ರ ಇಟ್ಟುಕೊಂಡ ಹುಡುಗ ನಮ್ಮ ತಾಲ್ಲೂಕಿಗೆ ಬಂದ ದಿನ ಮೊದಲ ಫೋನು ನಮ್ಮ ಮನೆಯಿಂದಲೇ ಹೋಗುತ್ತದೆ.