ತರಗತಿಯಲ್ಲಿ ನಗೆಯೂ ಬೋಧನೆಯ ಬೆಲೆಯೂ

ಬೋಧನೆಯು ಗಂಭೀರವಾದ ಕಾರ್ಯವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗಾಂಭೀರ್ಯವೆಂದರೆ ಹುಬ್ಬು ಗಂಟಿಕ್ಕಿಕೊಂಡಿರುವುದಲ್ಲ. ತನ್ನ ಕಣ್ಣಿನಲ್ಲಿ ತೊಲೆಯನ್ನಿಟ್ಟುಕೊಂಡು ಪರರ ಕಣ್ಣಿನ ರವೆಯನ್ನು ತೆಗೆಯಹೊರಟವನ ಚಿತ್ರವನ್ನು ಕ್ರಿಸ್ತಸ್ವಾಮಿಯು ಜನರ ಮುಂದಿಟ್ಟಾಗ, ಕೇಳಿದವರ ತುಟಿಯಲ್ಲಿ ನಗೆಯು ಮೂಡದೆ ಇದ್ದೀತೆ? ಈ ಶಾಲೆಯಿಂದ ಹೊರಟ ಅನೇಕ ವಿದ್ಯಾರ್ಥಿನಿಯರು ಕಾಲೇಜು ಸೇರುವರು. ಅವರಲ್ಲಿ ಕೆಲವರು ಮುಂದೆ ಅಲ್ಲಿಯೇ ಅಧ್ಯಾಪಿಕೆಯರಾಗುವರು. ಆದಕಾರಣ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸುವುದು ಉಚಿತವಾಗಿದೆ. ನಗೆಯಿಂದ ಕಲಿಕೆಯು ಹೆಚ್ಚುವುದೋ? ನಗಿಸಬಲ್ಲವರೇ ಒಳ್ಳೆಯ ಅಧ್ಯಾಪಕರೋ?

ಮೊದಲನೆಯ ಪ್ರಶ್ನೆಯನ್ನು ವಿದ್ವಾಂಸರು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಕಪ್ಲನ್ ಮತ್ತು ಪ್ಯಾಸ್ಕೋ ಎಂಬವರು 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸುಮಾರು 500 ಮಂದಿ ವಿದ್ಯಾರ್ಥಿಗಳು ಒಂದೇ ಪಾಠವನ್ನು ಕೆಲವರು ಹಾಸ್ಯದೊಡನೆಯೂ ಕೆಲವರು ಹಾಸ್ಯವಿಲ್ಲದೆಯೂ ಕೇಳಿದರು. ಪಾಠ ಮುಗಿದೊಡನೆ ನಡೆದ ಪರೀಕ್ಷೆಯಲ್ಲಿ ಹಾಸ್ಯದಿಂದ ಲಾಭವೇನೂ ತೋರಲಿಲ್ಲ. ಆರು ವಾರಗಳ ಮೇಲೆ ಪುನಃ ಪರೀಕ್ಷಿಸಲು, ಹಾಸ್ಯದ ಉದಾಹರಣೆಗಳಿಂದ ವಿವರಿಸಿದ ಅಂಶಗಳು ಹೆಚ್ಚಾಗಿ ಜ್ಞಾಪಕದಲ್ಲಿದ್ದವು. ಇಸ್ರೇಲ್ ದೇಶದ ಆವ್ನರ್ ಜಿವ್ ಎಂಬವರು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಂಖ್ಯಾಶಾಸ್ತ್ರದ ಪಾಠಗಳು ಒಂದು ಅರ್ಧವರ್ಷವಿಡೀ ಹೀಗೆ ನಡೆದವು. ಅಲ್ಲಿಯೂ ಹಾಸ್ಯವನ್ನು ಕೇಳಿದ ಗುಂಪೇ ಕೊನೆಯ ಪರೀಕ್ಷೆಯಲ್ಲಿ ಮೇಲಾಯಿತು. ಆದರೆ ಅಲ್ಲಿನ ಕ್ರಮವನ್ನು ಗಮನಿಸಬೇಕು: ಮೊದಲು ವಿಷಯದ ನಿರೂಪಣೆ, ಅನಂತರ ಅದಕ್ಕೆ ಸಂಬಂಧಿಸಿದ ಹಾಸ್ಯ, ಆಮೇಲೆ ಅದೇ ವಿಷಯವು ಬೇರೆ ಮಾತುಗಳಲ್ಲಿ. ಒಂದು ಪಾಠಕ್ಕೆ ಮೂರು ನಾಲ್ಕು ಹಾಸ್ಯಗಳೇ ಸಾಕಾದವು.

ಇದರ ಮರ್ಮವೇನು? ಎಲ್ಲರೂ ಬಲ್ಲ ಕಥೆಯೊಂದನ್ನು ನೋಡಿರಿ. ಲೆಕ್ಕದಲ್ಲಿ ನಿಪುಣನಾದ ಶಾನುಭೋಗನೊಬ್ಬನು ಹಳ್ಳವನ್ನು ಐದು ಕಡೆ ಅಳೆದನು. ನಾಲ್ಕು ಕಡೆ ಒಂದೊಂದು ಅಡಿ, ಐದನೆಯ ಕಡೆ ಹನ್ನೊಂದು ಅಡಿ. ಸರಾಸರಿ ಮೂರೇ ಅಡಿಯೆಂದು ಧೈರ್ಯದಿಂದ ಇಳಿದು ಐದನೆಯ ಕಡೆ ಮುಳುಗಿದನು. ಲೆಕ್ಕವು ಸರಿಯಾಗಿಯೇ ಇತ್ತು! ಸರಾಸರಿಯು ಏರಿಳಿತಗಳನ್ನು ಮರೆಮಾಡುವುದೆಂಬ ಸೂತ್ರವನ್ನು ಮರೆತವಳೂ ಈ ಶಾನುಭೋಗನನ್ನು ಮರೆಯಳು; ಅವನು ನೆನಪಾದೊಡನೆ ಸೂತ್ರವೂ ಹಿಂದೆಯೇ ಬರುವುದು. ಇಂಥ ಹಾಸ್ಯವು ವಿಷಯದ ಹೊಟ್ಟೆಯಿಂದಲೇ ಹುಟ್ಟಿದ್ದು. ಪಾಠಕ್ಕೆ ಸಂಬಂಧವಿಲ್ಲದ ಚಟಾಕಿಯಾದರೋ ತಾನು ಮಾತ್ರ ನೆನಪಿನಲ್ಲಿ ಉಳಿದು ಪಾಠವನ್ನು ಹೊರಗಟ್ಟುವುದು. ಇನ್ನು ವಿದ್ಯಾರ್ಥಿನಿಯ ಉಡುಪನ್ನೋ ಉಚ್ಚಾರಣೆಯನ್ನೋ ಹುಟ್ಟಿದ ಮನೆತನವನ್ನೋ ಹಿಡಿದು ಮಾಡುವ ಪರಿಹಾಸವು ಹಾಸ್ಯವೇ ಅಲ್ಲ. ತರಗತಿಯೆಲ್ಲವೂ ನಕ್ಕಾಗ ಒಬ್ಬಳು ತಲೆತಗ್ಗಿಸಿದರೆ, ಅವಳು ಮರುದಿನ ಸಂದೇಹವನ್ನು ಕೇಳಲು ಕೈಯೆತ್ತುವಳೇ?

ಎರಡನೆಯ ಪ್ರಶ್ನೆಯು ಇನ್ನೂ ಸೂಕ್ಷ್ಮವಾದದ್ದು. ಅಧ್ಯಾಪಕರ ಗುಣದೋಷಗಳನ್ನು ವಿದ್ಯಾರ್ಥಿಗಳಿಂದಲೇ ಅಂಕಗಳ ಮೂಲಕ ತಿಳಿಯುವ ಪದ್ಧತಿಯು ಹೊಸದಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ರೆಮರ್ಸ್ ಎಂಬವರು 1920ರ ದಶಕದಲ್ಲಿಯೇ ಇದಕ್ಕೊಂದು ಮಾನದಂಡವನ್ನು ರಚಿಸಿದ್ದರು. ಈ ಪದ್ಧತಿಯು ಎಷ್ಟು ಮೋಸಹೋಗಬಹುದೆಂಬುದಕ್ಕೆ 1973ರಲ್ಲಿ ಪ್ರಕಟವಾದ ‘ಡಾಕ್ಟರ್ ಫಾಕ್ಸ್’ ಪ್ರಯೋಗವು ಪ್ರಸಿದ್ಧ ನಿದರ್ಶನ. ನಟನೊಬ್ಬನಿಗೆ ಡಾಕ್ಟರನೆಂಬ ಹೆಸರನ್ನಿತ್ತು, ಹುರುಳಿಲ್ಲದ, ಪರಸ್ಪರ ವಿರುದ್ಧವಾದ ಮಾತುಗಳನ್ನು ಹಾಸ್ಯದೊಡನೆ ಬೆರೆಸಿ ಉಪನ್ಯಾಸಮಾಡಲು ಕಲಿಸಿದರು. ಅದನ್ನು ಕೇಳಿದ 55 ಮಂದಿ ಅಶಿಕ್ಷಿತರೇನೂ ಅಲ್ಲ. ಮಾನಸಿಕ ವೈದ್ಯರೂ ಶಿಕ್ಷಕರೂ ಅವರಲ್ಲಿದ್ದರು. ಆದರೂ ಬಹುಮಂದಿ ಉಪನ್ಯಾಸವನ್ನು ಮೆಚ್ಚಿಕೊಂಡರು.

ಅಮೆರಿಕದ ವಾಯುಸೇನಾ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳನ್ನು ಚೀಟಿಯೆತ್ತಿದಂತೆ ಅಧ್ಯಾಪಕರಿಗೆ ಹಂಚುವ ಪದ್ಧತಿಯಿತ್ತು. ಅಲ್ಲಿನ ಫಲಿತಾಂಶಗಳನ್ನು ಕ್ಯಾರೆಲ್ ಮತ್ತು ವೆಸ್ಟ್ ಎಂಬವರು 2010ರಲ್ಲಿ ಪ್ರಕಟಿಸಿದರು. ಆಗಿನ ಪರೀಕ್ಷೆಯಲ್ಲಿ ಅಂಕಗಳನ್ನು ಏರಿಸಿದ ಅಧ್ಯಾಪಕರು ವಿದ್ಯಾರ್ಥಿಗಳ ಮೆಚ್ಚುಗೆಯನ್ನು ಪಡೆದರು. ಆದರೆ ಅವರ ಶಿಷ್ಯರು ಮುಂದಿನ ತರಗತಿಯ ಪಾಠಗಳಲ್ಲಿ ಹಿಂದೆಬಿದ್ದರು. ಮೆಚ್ಚುಗೆಯು ಬೇರೆ, ಕಲಿಕೆಯು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುವುದು.

ಸ್ತ್ರೀಯರಿಗಂತೂ ಈ ತಕ್ಕಡಿಯು ಸಮವಾಗಿ ತೂಗುವುದಿಲ್ಲ. ಬ್ರಯಂಟ್ ಮೊದಲಾದವರು 1980ರಲ್ಲಿ ಕಾಲೇಜು ಪಾಠಗಳನ್ನು ಪರಿಶೀಲಿಸಿದಾಗ, ಹಾಸ್ಯವನ್ನು ಬಳಸಿದ ಪುರುಷರಿಗೆ ಸಾಮಾನ್ಯವಾಗಿ ಹೆಚ್ಚಿನ ಮೆಚ್ಚುಗೆ ದೊರೆತಿತ್ತು. ಸ್ತ್ರೀಯರಿಗೆ ಆ ಲಾಭವು ಹೆಚ್ಚಾಗಿ ದೊರೆಯಲಿಲ್ಲ. 2015ರಲ್ಲಿ ಅಚ್ಚಾದ ಇನ್ನೊಂದು ಚಿಕ್ಕ ಪ್ರಯೋಗದಲ್ಲಿ, ಮುಖ ಕಾಣದ ಅಂತರ್ಜಾಲದ ತರಗತಿಗಳಲ್ಲಿ ಬೋಧಕರ ಹೆಸರುಗಳನ್ನು ಅದಲುಬದಲು ಮಾಡಿದರು. ತಿದ್ದಿದ ಉತ್ತರಗಳು ಎಲ್ಲರಿಗೂ ಒಂದೇ ಕಾಲಕ್ಕೆ ಮರಳಿದ್ದರೂ, ಸಮಯಪಾಲನೆಗೆ ಪುರುಷನ ಹೆಸರಿಗೆ 5ರಲ್ಲಿ 4.35ರಷ್ಟೂ ಸ್ತ್ರೀಯ ಹೆಸರಿಗೆ 3.55ರಷ್ಟೂ ಅಂಕಗಳು ಬಂದವು. ಇಂಥ ಅಂಕಗಳನ್ನೇ ನಂಬಿ ಒಬ್ಬಾಕೆಯ ಉದ್ಯೋಗವನ್ನೋ ಬಡ್ತಿಯನ್ನೋ ನಿರ್ಣಯಿಸುವುದು ನ್ಯಾಯವೇ?

ಹಾಗೆಂದು ವಿದ್ಯಾರ್ಥಿಗಳ ಬಾಯಿಗೆ ಬೀಗಹಾಕಬೇಕೆಂದಲ್ಲ. ಬೆಂಗಳೂರಿನಲ್ಲಿ ಕೇಂದ್ರಸ್ಥಾನವುಳ್ಳ, 1994ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು 2017ರಲ್ಲಿ ಕಾಲೇಜುಗಳ ಪರಿಶೀಲನೆಯಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯಕ್ಕೂ ಸ್ಥಾನವನ್ನಿತ್ತಿತು. ಅದು ಯುಕ್ತವೇ ಸರಿ. ಮಾತು ಕೇಳಿಸುವುದೋ, ಸಂದೇಹಕ್ಕೆ ಉತ್ತರ ದೊರೆಯುವುದೋ, ಯಾರಿಗಾದರೂ ಅವಮಾನವಾಗುವುದೋ ಎಂಬ ವಿಷಯಗಳಲ್ಲಿ ವಿದ್ಯಾರ್ಥಿಗಳೇ ಪ್ರತ್ಯಕ್ಷ ಸಾಕ್ಷಿಗಳು. ಆದರೆ ಅಧ್ಯಾಪಕರ ವಿದ್ವತ್ತೆಷ್ಟು, ಪಠ್ಯವು ಸರಿಯೋ ಎಂಬುದನ್ನು ಅದೇ ವಿಷಯವನ್ನು ಬಲ್ಲವರು ತರಗತಿಯಲ್ಲಿ ಕುಳಿತು, ಪ್ರಶ್ನಪತ್ರಿಕೆಗಳನ್ನು ಓದಿ ಹೇಳಬೇಕು. ನಿಜವಾಗಿ ಕಲಿತದ್ದೆಷ್ಟೆಂಬುದನ್ನು ಮುಂದಿನ ವರ್ಷದ ತರಗತಿಯು ಹೇಳಬೇಕು. ಈ ಮೂರೂ ಸೇರಿದರೆ ಮಾತ್ರ ತೀರ್ಪು ನೆಟ್ಟಗಾಗುವುದು.

ತಾಯಿತಂದೆಗಳೂ ಇದರಲ್ಲಿ ನೆರವಾಗಬಲ್ಲರು. ಕಾಲೇಜಿನಿಂದ ಬಂದ ಮಗಳನ್ನು “ಪಾಠವು ಚೆನ್ನಾಗಿತ್ತೇ?” ಎಂದಷ್ಟೇ ಕೇಳದೆ, “ಏನು ಕಲಿತೆ? ನಮಗೂ ತಿಳಿಸಮ್ಮಾ” ಎನ್ನಲಿ. ಅವಳು ನಗುತ್ತ ಹಾಸ್ಯವನ್ನು ಹೇಳಿ, ಅದರ ಬೆನ್ನಿಗೇ ವಿಷಯವನ್ನೂ ಬಿಡಿಸಿ ಹೇಳಿದರೆ ಆ ಅಧ್ಯಾಪಿಕೆಯ ಶ್ರಮವು ಸಾರ್ಥಕವಾಯಿತೆಂದು ತಿಳಿಯಬಹುದು. ಹಾಸ್ಯವು ಊಟದಲ್ಲಿ ಉಪ್ಪಿನಂತೆ; ಅದಿಲ್ಲದೆ ರುಚಿಯಿಲ್ಲ, ಅದೊಂದರಿಂದಲೇ ಹೊಟ್ಟೆಯೂ ತುಂಬದು.