ರೆಂಡಲ್‌ಶಮ್ ನೆಲೆವೀಡು: ಗ್ರಂಥೋಕ್ತಿ, ನೆಲದ ಸಾಕ್ಷ್ಯ ಮತ್ತು ಜನಸಹಭಾಗಿತ್ವ

ಅರಸನು ಬೀಡುಬಿಟ್ಟು ರಾಜ್ಯವಾಳುತ್ತಿದ್ದ ಸ್ಥಳವನ್ನು ಕನ್ನಡ ಶಾಸನಗಳು ‘ನೆಲೆವೀಡು’ ಎಂದು ಕರೆಯುತ್ತವೆ. ಇದಕ್ಕೆ ಸಮೀಪವಾದ ‘ವಿಕುಸ್ ರೇಗಿಯುಸ್’ ಎಂಬ ಲ್ಯಾಟಿನ್ ಪದವನ್ನು ಇಂಗ್ಲೆಂಡಿನ ಸನ್ಯಾಸಿ ಬೀಡ್ ಕ್ರಿ.ಶ. 731ರಲ್ಲಿ ಮುಗಿಸಿದ ತನ್ನ ಚರಿತ್ರೆಯಲ್ಲಿ ರೆಂಡಲ್‌ಶಮ್‌ಗೆ ಬಳಸಿದ್ದಾನೆ. ಪೂರ್ವ ಸ್ಯಾಕ್ಸನರ ಅರಸ ಸ್ವಿತ್‌ಹೆಲ್ಮ್ ಅಲ್ಲಿ ದೀಕ್ಷಾಸ್ನಾನ ಪಡೆದನೆಂದೂ ಪೂರ್ವ ಆಂಗ್ಲರ ಅರಸ ಎಥೆಲ್‌ವಾಲ್ಡ್ ಅವನಿಗೆ ಧರ್ಮಪಿತನಾದನೆಂದೂ ಅವನು ಹೇಳುತ್ತಾನೆ. ‘ರೆಂಡಿಲನ ಮನೆ’ ಎಂದು ಸ್ಥಳನಾಮವನ್ನು ವಿವರಿಸುತ್ತಾನೆ. ಆದರೆ ಅರಸನ ವಸತಿ ಎಲ್ಲಿತ್ತು, ಹೇಗಿತ್ತು ಎಂಬುದು ಆ ಬರಹದಿಂದ ತಿಳಿಯದು.

1939ರಲ್ಲಿ ಇಲ್ಲಿಗೆ ಕೆಲವೇ ಕಿಲೋಮೀಟರ್ ದೂರದ ಸಟನ್ ಹೂ ಎಂಬಲ್ಲಿ ಹಡಗಿನೊಡನೆ ಸಮಾಧಿ ಮಾಡಿದ ಅರಸುಕುಲದ ವೈಭವ ಬೆಳಕಿಗೆ ಬಂದಿತು. ಸತ್ತವರ ನೆಲೆ ದೊರೆಯಿತು. ಬದುಕಿದ್ದವರ ನೆಲೆ ಅಜ್ಞಾತವಾಗಿಯೇ ಉಳಿಯಿತು.

ಅದರ ಶೋಧಕ್ಕೆ ಕಾರಣವಾದದ್ದು ಒಂದು ಕಳವು. ರಾತ್ರಿಯ ವೇಳೆ ಕಳ್ಳರು ಲೋಹಶೋಧಕ ಯಂತ್ರಗಳೊಡನೆ ತಮ್ಮ ಹೊಲಗಳಿಗೆ ನುಗ್ಗುತ್ತಿರುವುದನ್ನು ಗಮನಿಸಿದ ಭೂಮಾಲೀಕರು ಸಫಕ್ ಕೌಂಟಿಯ ಪುರಾತತ್ತ್ವ ವಿಭಾಗಕ್ಕೆ ತಿಳಿಸಿದರು. 2008ರಿಂದ 2014ರವರೆಗೆ ಅನುಭವಿ ಹವ್ಯಾಸಿಗಳು ಅದೇ ಬಗೆಯ ಯಂತ್ರಗಳಿಂದ ಹೊಲಗಳನ್ನು ಕ್ರಮಬದ್ಧವಾಗಿ ಶೋಧಿಸಿದರು. ಸಾಧನ ಒಂದೇ, ಭೇದವಿರುವುದು ವಿಧಾನದಲ್ಲಿ. ಉಳುಮೆಯಿಂದ ಕದಡಿದ ಮೇಲ್ಮಣ್ಣಿನಲ್ಲಿ ವಸ್ತುವಿನ ಸ್ತರ ನಷ್ಟವಾಗಿರುತ್ತದೆ. ಅದು ದೊರೆತ ಸ್ಥಾನವೊಂದೇ ಉಳಿದ ಸಾಕ್ಷ್ಯ. ಕಳ್ಳನು ವಸ್ತುವನ್ನು ಒಯ್ದಾಗ ಆ ಸಾಕ್ಷ್ಯವೂ ಅಳಿಯುತ್ತದೆ. ಹವ್ಯಾಸಿಗಳು ಪ್ರತಿಯೊಂದರ ಸ್ಥಾನವನ್ನೂ ದಾಖಲಿಸಿದ್ದರಿಂದ ಚಿನ್ನದ ಒಡವೆ, ನಾಣ್ಯ, ಲೋಹಗೆಲಸದ ಅವಶೇಷಗಳು ಒಟ್ಟುಗೂಡಿ ಸುಮಾರು 50 ಹೆಕ್ಟೇರ್ ವಿಸ್ತಾರದ ವಸತಿಯೊಂದರ ರೂಪ ಮೂಡಿತು.

2021ರಿಂದ 2023ರವರೆಗೆ ನಡೆದ ಉತ್ಖನನದಲ್ಲಿ ಶಾಲಾಮಕ್ಕಳನ್ನೂ ಒಳಗೊಂಡು 600ಕ್ಕೂ ಹೆಚ್ಚು ಸ್ವಯಂಸೇವಕರು ಪಾಲ್ಗೊಂಡರು. 2022ರಲ್ಲಿ 23 ಮೀಟರ್ ಉದ್ದ, 10 ಮೀಟರ್ ಅಗಲದ ಮರದ ಸಭಾಭವನದ ತಳಪಾಯ ಪತ್ತೆಯಾಯಿತು. ಮರ ಕೊಳೆತುಹೋಗಿದ್ದರಿಂದ ಮಣ್ಣಿನ ಬಣ್ಣದ ವ್ಯತ್ಯಾಸವೇ ಇಲ್ಲಿ ಗೋಡೆಯ ಗುರುತು. ಮರುವರ್ಷ 10 ಮೀಟರ್ ಉದ್ದ, 5 ಮೀಟರ್ ಅಗಲದ ಮತ್ತೊಂದು ಕಟ್ಟಡ ಕಂಡುಬಂದಿತು. ಅದು ಕ್ರೈಸ್ತಪೂರ್ವ ದೇಗುಲವಾಗಿರಬಹುದೆಂದು ತಜ್ಞರು ಊಹಿಸಿದ್ದಾರೆ. ಅರಸ ರೆಡ್‌ವಾಲ್ಡನ ದೇಗುಲದಲ್ಲಿ ಕ್ರಿಸ್ತನಿಗೂ ಹಳೆಯ ದೈವಗಳಿಗೂ ಬೇರೆ ಬೇರೆ ವೇದಿಕೆಗಳಿದ್ದುವೆಂದು ಬೀಡ್ ಹೇಳಿದ್ದರೂ ಅದು ರೆಂಡಲ್‌ಶಮ್‌ನಲ್ಲಿತ್ತೆಂದು ಹೇಳಿಲ್ಲ. ಆದುದರಿಂದ ಇವೆರಡನ್ನೂ ಒಂದೇ ಎಂದು ನಿರ್ಣಯಿಸುವುದು ಸಾಧುವಲ್ಲ.

ಗ್ರಂಥವು ಹೆಸರನ್ನು ಉಳಿಸಿತು, ನೆಲವು ಸ್ಥಾನವನ್ನು ತೋರಿಸಿತು. ಇವೆರಡನ್ನೂ ಬೆಸೆದ ಸಾಕ್ಷ್ಯ ನಾಶವಾಗದಂತೆ ಕಾದವರು ಸ್ಥಳೀಯ ಜನರು. ಶಾಸನೋಕ್ತ ನೆಲೆವೀಡುಗಳನ್ನು ಅರಸುವ ಕನ್ನಡ ಸಂಶೋಧಕರೂ ಹೊಲದ ಒಡೆಯನನ್ನು ಕೇವಲ ಮಾಹಿತಿದಾರನೆಂದು ಎಣಿಸದೆ ಸಹಶೋಧಕನೆಂದು ಭಾವಿಸಬೇಕಾದ ಅಗತ್ಯವನ್ನು ಈ ನಿದರ್ಶನವು ಮನಗಾಣಿಸುತ್ತದೆ.